ರಿಬ್ಬನ್ ಹೊಳೆಗೆ, ಪದಕ ಅಟ್ಟಕ್ಕೆ

ನನ್ನ ದೊಡ್ಡಪ್ಪನ ಮಗ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಸೈನ್ಯದಲ್ಲಿದ್ದ. ಗುಂಡಿನ ಕಾಳಗ ನೋಡಿದವನು. ನೋಡಿದವನು ಅಂದರೆ ಮಾಡಿದವನು. ಯಾವ ಯುದ್ಧ, ಯಾವ ಜಾಗ, ಯಾವ ವರ್ಷ ಅಂತ ಇಲ್ಲಿ ಬರೆಯುವುದಿಲ್ಲ. "ಬರಿ, ಪರವಾಗಿಲ್ಲ. ಆದ್ರೆ ನಾನೇ ಅಂತ ಗುರುತು ಸಿಗಬಾರದು" ಅಂತ ಅವನೇ ಹೇಳಿದ್ದಾನೆ. ಹಾಗಾಗಿ ಇಲ್ಲಿ ಅವನು ಬರೀ ಅಣ್ಣ.

ವಾಪಸ್ ಬಂದ ಹೊಸದರಲ್ಲಿ ಅಣ್ಣ ಒಂದು ದಿನ ಎಲ್ಲರೂ ಕೂತಿದ್ದಾಗ, ರಾತ್ರಿ ನಿದ್ದೆ ಬರ್ತಿಲ್ಲ ಅಂದ. ನಾವೆಲ್ಲ ತಲೆಯಾಡಿಸಿದೆವು. ಯುದ್ಧ ನೋಡಿ ಬಂದವರಿಗೆ ನಿದ್ದೆ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತೇ ಅಲ್ವಾ. ಕೆಟ್ಟ ಕನಸು ಬೀಳುತ್ತಿರಬೇಕು, ಪಾಪ ಅಂದುಕೊಂಡೆವು. ಆದರೆ ಅವನು ಮಾತು ಮುಗಿಸಿರಲಿಲ್ಲ.

"ಅಲ್ಲಿ ಚೆನ್ನಾಗಿ ಬರ್ತಿತ್ತು" ಅಂದ.

ಇದಕ್ಕೆ ಏನು ಹೇಳಬೇಕೋ ಯಾರಿಗೂ ತಿಳಿಯಲಿಲ್ಲ. ಯಾರೋ ಬೇರೆ ಮಾತು ತೆಗೆದರು. ಅಣ್ಣನೂ ಸುಮ್ಮನಾದ. ಆಮೇಲೆ ಎಷ್ಟೋ ವರ್ಷ ಅವನ ಬಾಯಿಂದ ಅಂಥ ಮಾತು ಬರಲಿಲ್ಲ. ನಾವು ಕೇಳಲೂ ಇಲ್ಲ.

ಅವನು ಅದನ್ನು ಬಿಡಿಸಿ ಹೇಳಿದ್ದು ನನ್ನ ತಲೆಯಲ್ಲೂ ನಾಲ್ಕು ಬಿಳಿ ಕೂದಲು ಬಂದ ಮೇಲೆ. ಅಲ್ಲಿ ಎರಡೆರಡು ಗಂಟೆಯ ಕಾವಲು ಪಾಳಿ. ಮಲಗುವುದು ಕಲ್ಲು ನೆಲದ ಮೇಲೆ, ಬೂಟು ಬಿಚ್ಚುವ ಹಾಗಿಲ್ಲ, ಮೈಯೆಲ್ಲ ವಾಸನೆ. ಆದರೆ ನೀನು ಮಲಗಿದಾಗ ಒಬ್ಬ ಎದ್ದಿರುತ್ತಾನೆ. ಅವನ ಹೆಸರು ಗೊತ್ತು, ಅವನ ಕೆಮ್ಮು ಗೊತ್ತು, ಕತ್ತಲಲ್ಲಿ ಅವನು ಕಾಲು ಬದಲಿಸುವ ಸದ್ದು ಗೊತ್ತು. "ಅವನು ಎದ್ದಿದ್ದಾನೆ ಅಂದ್ರೆ ನಾನು ಸತ್ತೋನ ಥರ ಮಲಗಬಹುದು. ಇಲ್ಲಿ ಮೆತ್ತನೆ ಹಾಸಿಗೆ ಇದೆ, ಬಾಗಿಲಿಗೆ ಬೀಗ ಇದೆ. ಎದ್ದಿರೋರು ಮಾತ್ರ ಯಾರೂ ಇಲ್ಲ."

ಈ ಬರಹ ಹುಟ್ಟಿದ್ದು ಆ ಮಾತಿನಿಂದ.

ನನ್ನದೊಂದು ತಪ್ಪನ್ನೂ ಹೇಳಿಬಿಡಬೇಕು. ಚಿಕ್ಕವನಿದ್ದಾಗ, ಅವನು ರಜೆಗೆ ಬಂದಿದ್ದಾಗ, ಎಲ್ಲ ಹುಡುಗರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದ್ದೆ. "ಅಣ್ಣ, ಎಷ್ಟು ಜನರನ್ನ ಕೊಂದೆ?" ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ "ಆವತ್ತು ತುಂಬಾ ಮಳೆ ಬಂದಿತ್ತು ಕಣೋ" ಅಂದ. ಅಷ್ಟೇ. ಉತ್ತರ ತಪ್ಪಿಸಿದ ಅಂತ ಆಗ ಬೇಜಾರಾಗಿತ್ತು. ಅವನು ತಪ್ಪಿಸಿರಲಿಲ್ಲ. "ಆವತ್ತು" ಅಂದಿದ್ದ. ಯಾವತ್ತು ಅಂತ ನಾನು ಕೇಳಲೇ ಇಲ್ಲ.

ಯುದ್ಧದಿಂದ ಬಂದವರಿಗೆ ನಾವು ಎರಡೇ ಕುರ್ಚಿ ಹಾಕಿಡುತ್ತೇವೆ. ಒಂದು ವೀರನದು, ಇನ್ನೊಂದು ಪಾಪದವನದು. ವೀರನ ಕುರ್ಚಿಯಲ್ಲಿ ಕೂತವನು ಅಳುವ ಹಾಗಿಲ್ಲ. ಪಾಪದವನ ಕುರ್ಚಿಯಲ್ಲಿ ಕೂತವನು "ಅಲ್ಲಿ ಚೆನ್ನಾಗಿತ್ತು" ಅನ್ನುವ ಹಾಗಿಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳುವವನಿಗೆ ಕೂರಲು ಜಾಗವೇ ಇಲ್ಲ. ನಾನು ಓದಿದ, ಕೇಳಿದ ಮಟ್ಟಿಗೆ ಹೆಚ್ಚಿನವರು ಹೇಳುವುದು ಎರಡನ್ನೂ ಒಂದೇ ಉಸಿರಲ್ಲಿ.

ಮೊದಲನೇ ಮಹಾಯುದ್ಧದ ಒಬ್ಬ ಕವಿಯ ಕತೆ ನನ್ನನ್ನು ಬಿಡದೆ ಕಾಡುತ್ತದೆ. ಸೀಗ್‌ಫ್ರೀಡ್ ಸಸೂನ್ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿ. ಹುಚ್ಚು ಧೈರ್ಯಕ್ಕೆ ಹೆಸರಾದವನು. ಜೊತೆಯವರೇ 'ಮ್ಯಾಡ್ ಜ್ಯಾಕ್' ಅನ್ನುತ್ತಿದ್ದರು. ಗುಂಡು ಹಾರುತ್ತಿರುವಾಗಲೇ ಗಾಯಗೊಂಡವರನ್ನು ಹೊತ್ತು ತಂದಿದ್ದಕ್ಕೆ 1916ರಲ್ಲಿ ಮಿಲಿಟರಿ ಕ್ರಾಸ್ ಪದಕ ಸಿಕ್ಕಿತು. ಮುಂದಿನ ವರ್ಷ ಇದೇ ಮನುಷ್ಯ, ಈ ಯುದ್ಧವನ್ನು ಬೇಕೆಂದೇ ಎಳೆಯುತ್ತಿದ್ದಾರೆ, ನಾನಿನ್ನು ಇದರಲ್ಲಿ ಇರುವುದಿಲ್ಲ ಅಂತ ಬಹಿರಂಗವಾಗಿ ಬರೆದುಕೊಟ್ಟ. ಅದನ್ನು ಪಾರ್ಲಿಮೆಂಟಿನಲ್ಲೂ ಓದಿದರು. ಸೈನಿಕ ನ್ಯಾಯಾಲಯಕ್ಕೆ ಎಳೆದರೆ ರಂಪವಾಗುತ್ತದೆ. ಅದಕ್ಕೇ ತಲೆ ಸರಿಯಿಲ್ಲ ಅಂತ ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕಾರ್ಟ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್. ಅಲ್ಲೇ ಅವನಿಗೆ ಇನ್ನೊಬ್ಬ ಕವಿ ವಿಲ್ಫ್ರೆಡ್ ಓವನ್‌ನ ಪರಿಚಯವಾಯಿತು.

ಇಬ್ಬರಿಗೂ ಯುದ್ಧ ಎಂಥದ್ದು ಅಂತ ಗೊತ್ತಿತ್ತು. ಅದರ ಹೊಲಸನ್ನು ಅವರಷ್ಟು ಖಾರವಾಗಿ ಬರೆದವರು ಕಡಿಮೆ. ಸುರಕ್ಷಿತವಾಗಿ ಊರಲ್ಲೇ ಉಳಿಯುವ ದಾರಿ ಇಬ್ಬರಿಗೂ ಇತ್ತು. ಇಬ್ಬರೂ ವಾಪಸ್ ಹೋದರು. ಯುದ್ಧದ ಬಗ್ಗೆ ಮನಸ್ಸು ಬದಲಾಗಿರಲಿಲ್ಲ. ಹುಡುಗರೆಲ್ಲ ಅಲ್ಲಿದ್ದಾರೆ, ನಾನು ಇಲ್ಲಿ ಹೇಗಿರಲಿ ಅನ್ನುವ ಸಂಕಟ. 1918ರ ಜುಲೈನಲ್ಲಿ ಸಸೂನ್ ತಲೆಗೆ ಗುಂಡು ತಗಲಿತು, ಅದೂ ತನ್ನ ಕಡೆಯವರೇ ಶತ್ರು ಅಂದುಕೊಂಡು ಹೊಡೆದದ್ದು. ಬದುಕಿಕೊಂಡ, 1967ರವರೆಗೂ ಇದ್ದ. ಓವನ್ 1918ರ ನವೆಂಬರ್ 4ರಂದು ಫ್ರಾನ್ಸಿನಲ್ಲಿ ಒಂದು ಕಾಲುವೆ ದಾಟುವಾಗ ಸತ್ತ. 25 ವರ್ಷ. ಒಂದು ವಾರಕ್ಕೆ ಯುದ್ಧ ನಿಂತಿತು. ಅವನ ತಾಯಿಗೆ ತಂತಿ ಬಂದದ್ದು ನವೆಂಬರ್ 11ರಂದು. ಊರಲ್ಲೆಲ್ಲ ಯುದ್ಧ ಮುಗಿದ ಸಂಭ್ರಮ.

ನಾನು ಹೇಳಹೊರಟಿದ್ದು ಪದಕದ ವಿಷಯ. 1917ರಲ್ಲಿ ಸಸೂನ್ ಸಿಟ್ಟಿನಿಂದ ತನ್ನ ಮಿಲಿಟರಿ ಕ್ರಾಸನ್ನು ಮರ್ಸಿ ನದಿಗೆ ಎಸೆದ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಅವನು ನಿಜವಾಗಿ ಎಸೆದದ್ದು ಎದೆಯ ಮೇಲೆ ಹೊಲಿದುಕೊಳ್ಳುವ ರಿಬ್ಬನ್ ಮಾತ್ರ. ಪದಕ 2007ರಲ್ಲಿ ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿ, ಅವನ ಕುಟುಂಬದವರ ಮನೆಯ ಅಟ್ಟದಲ್ಲಿ ಸಿಕ್ಕಿತು.

ಇದನ್ನು ಅಣ್ಣನಿಗೆ ಹೇಳಿದೆ. ಜೋರಾಗಿ ನಕ್ಕ. "ಸರಿಯಾಗೇ ಮಾಡಿದ್ದಾನೆ" ಅಂದ. ಅಣ್ಣನ ಹತ್ತಿರವೂ ಒಂದು ಡಬ್ಬ ಇದೆ. ಗೋಡೆಗೆ ಏನನ್ನೂ ತೂಗುಹಾಕಿಲ್ಲ. ಮನೆ ಬದಲಿಸಿದಾಗ ಮಾತ್ರ ಆ ಡಬ್ಬವನ್ನು ಸಾಮಾನಿನ ಗಾಡಿಗೆ ಹಾಕದೆ ತನ್ನ ಕೈಯಲ್ಲೇ ಹಿಡಿದುಕೊಂಡು ಹೋಗಿದ್ದ.

ಇನ್ನು ಯಾರೂ ಕೇಳಲು ಇಷ್ಟಪಡದ ಭಾಗ. ಖುಷಿ. ಕಾಳಗದಲ್ಲಿ ಖುಷಿ ಇದೆ ಅಂತ ಅಣ್ಣ ಹೇಳುತ್ತಾನೆ. ದನಿ ತಗ್ಗಿಸಿ, ಬಾಗಿಲ ಕಡೆ ನೋಡಿಕೊಂಡು. ಗುಂಡು ಶುರುವಾಗುವ ಮೊದಲು ಹೊಟ್ಟೆ ತೊಳಸುತ್ತದೆ, ಬಾಯಿ ಒಣಗುತ್ತದೆ. ಶುರುವಾದ ಮೇಲೆ ತಲೆ ಇದ್ದಕ್ಕಿದ್ದ ಹಾಗೆ ತಿಳಿಯಾಗುತ್ತದೆ. ಸಾಲ, ಜಗಳ, ಮುಂದೇನು ಅನ್ನುವ ಚಿಂತೆ, ಯಾವುದೂ ಇಲ್ಲ. ಕಣ್ಣಿಗೆ ಬೇಕಾದ್ದು ಮಾತ್ರ ಕಾಣುತ್ತದೆ. ತನ್ನ ಬಂದೂಕಿನ ಸದ್ದೇ ತನಗೆ ಕೇಳಿಸಲಿಲ್ಲ ಅನ್ನುತ್ತಾನೆ. ಕಾಳಗ ಕಂಡ ಬಹಳ ಮಂದಿ ಇದನ್ನೇ ಹೇಳಿದ್ದಾರೆ. ಜೀವಕ್ಕೆ ಕುತ್ತು ಬಂದಾಗ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ಗಮನವೆಲ್ಲ ಒಂದೇ ಕಡೆಗೆ ಹೋಗಿ ಕಿವಿ ಮುಚ್ಚಿದ ಹಾಗಾಗುತ್ತದೆ, ನಿಮಿಷ ಉದ್ದವಾದ ಹಾಗನ್ನಿಸುತ್ತದೆ. ಮುಗಿದ ಮೇಲೆ ಕೈ ನಡುಗುತ್ತದೆ. ಆಮೇಲೆ ನಗು.

"ಬಿದ್ದು ಬಿದ್ದು ನಗ್ತಿದ್ವಿ ಕಣೋ. ಯಾಕೆ ಅಂತ ಗೊತ್ತಿಲ್ಲ. ಒಬ್ಬನ ಟೋಪಿ ಸೊಟ್ಟಗಿತ್ತು ಅಂತ ನಗು. ಬದುಕಿದೀವಿ ಅಂತ ನಗು. ಅಷ್ಟು ದೂರದಲ್ಲಿ ಒಬ್ಬ ಬಿದ್ದಿದ್ದ. ಅವರ ಕಡೆಯವನು. ಅವನಿಗೂ ಯಾರೋ ಕಾಯ್ತಿರ್ತಾರೆ ಅಂತ ಆವತ್ತು ಹೊಳೀಲೇ ಇಲ್ಲ. ಈಗ ದಿನಾ ಹೊಳೆಯುತ್ತೆ."

ಆ ನಗುವನ್ನು ನೆನೆದರೆ ಅವನಿಗೆ ನಾಚಿಕೆ. ಆ ನಗು ಇನ್ನು ಸಿಗುವುದಿಲ್ಲ ಅಂತ ದುಃಖ. ಯಾವುದು ಜಾಸ್ತಿ ಅಂತ ಕೇಳಿದೆ. ಪೆದ್ದ ಪ್ರಶ್ನೆ. "ಬಲಗೈ ಜಾಸ್ತಿ ನಿಂದಾ, ಎಡಗೈಯಾ?" ಅಂತ ಕೇಳಿದ.

ಕೊಲ್ಲುವುದರಲ್ಲೇ ರುಚಿ ಕಂಡವರೂ ಇದ್ದಾರೆ. ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಆದರೆ ಹೆಚ್ಚಿನವರಿಗೆ ನೆನಪಾಗಿ ಕಾಡುವುದು ಬಂದೂಕಲ್ಲ, ಪಕ್ಕದಲ್ಲಿದ್ದವನು ಅಂತ ನನಗನ್ನಿಸುತ್ತದೆ. ಅವನ ಜಾತಕವೆಲ್ಲ ಗೊತ್ತಿರುತ್ತದೆ. ಬೇರೆ ಹೊತ್ತಿನಲ್ಲಿ ಅವನ ಜೊತೆ ಐದು ನಿಮಿಷ ಕೂರುವುದೂ ಕಷ್ಟ. ಆದರೂ ಅವನಿಗಾಗಿ ಗುಂಡಿನ ನಡುವೆ ಓಡುತ್ತಾರೆ, ಯೋಚನೆಯೇ ಮಾಡದೆ. ಇಲ್ಲಿಗೆ ಬಂದ ಮೇಲೆ ಹಾಗೆ ಓಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಒಳ್ಳೆಯದೇ. ಒಳ್ಳೆಯದೇ ಅಂತ ಅಣ್ಣನೂ ಹೇಳುತ್ತಾನೆ. ಆದರೂ ತಾನು ಯಾರಿಗೂ ಅಷ್ಟೊಂದು ಬೇಕಾದವನಲ್ಲ ಅನ್ನುವುದು ಒಳಗೊಳಗೇ ಕೊರೆಯುತ್ತದೆ.

ಅವನ ಮೊದಲ ಆಫೀಸ್ ಕೆಲಸ ಆರು ತಿಂಗಳೂ ನಡೆಯಲಿಲ್ಲ. ಹೊಸ ಕುರ್ಚಿಗಳ ಬಣ್ಣ ಯಾವುದಿರಬೇಕು ಅಂತ ಒಂದು ಮೀಟಿಂಗ್. ಒಂದೂವರೆ ಗಂಟೆ. ಇಬ್ಬರು ಹಿರಿಯರು ಮುಖ ಕೆಂಪಾಗುವಷ್ಟು ಜಗಳಾಡಿದರಂತೆ. ಅಣ್ಣ ಎದ್ದು "ತಪ್ಪು ಬಣ್ಣ ತಂದ್ರೆ ಯಾರಾದ್ರೂ ಸಾಯ್ತಾರಾ?" ಅಂತ ಕೇಳಿದ. ಅವನು ಕೇಳಿದ್ದು ನಿಜವಾಗಿಯೇ, ತಿಳಿದುಕೊಳ್ಳಲು. ಅವರಿಗೆ ಬೆದರಿಕೆಯ ಹಾಗೆ ಕೇಳಿಸಿತು. ಈಗ ಇದನ್ನು ಹೇಳಿಕೊಂಡು ನಾವಿಬ್ಬರೂ ನಗುತ್ತೇವೆ. ಆಗ ನಗು ಬರುವಂತಿರಲಿಲ್ಲ, ಮನೆಯಲ್ಲಿ ಚಿಕ್ಕ ಮಗು ಇತ್ತು.

'ನಾಸ್ಟಾಲ್ಜಿಯಾ' ಅನ್ನುವ ಪದ ಇದೆಯಲ್ಲ, ಈಗ ಹಳೆಯ ಹಾಡು ಕೇಳಿದಾಗಲೆಲ್ಲ ಬಳಸುತ್ತೇವೆ. ಅದು ಹುಟ್ಟಿದ್ದು ಕಾಯಿಲೆಯ ಹೆಸರಾಗಿ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನುವ ವೈದ್ಯ ಮನೆಯ ನೆನಪಿನಲ್ಲೇ ಕೊರಗಿ ಸೊರಗುವವರಿಗಾಗಿ ಈ ಪದ ಕಟ್ಟಿದ. ಪರದೇಶದ ಸೈನ್ಯಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರ ಕಾಯಿಲೆ ಅಂತ ಅದು ಹೆಸರಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲೂ ಸೈನ್ಯದ ವೈದ್ಯರು ದಾಖಲೆಗಳಲ್ಲಿ ಈ ಕಾಯಿಲೆ ಬರೆದುಕೊಳ್ಳುತ್ತಿದ್ದರು. ಯುದ್ಧದಲ್ಲಿ ಕೂತು ಮನೆಗಾಗಿ ಹಂಬಲಿಸುವವರಿಗೆ ಹೆಸರು ಸಿಕ್ಕಿತು. ಮನೆಯಲ್ಲಿ ಕೂತು ಅಲ್ಲಿಗಾಗಿ ಹಂಬಲಿಸುವವರಿಗೆ ಒಂದು ಪದ ಯಾರೂ ಕಟ್ಟಲಿಲ್ಲ.

ಆಮೇಲೆ ಬಂದ ಹೆಸರುಗಳೂ ಅಷ್ಟೇ. ಮೊದಲನೇ ಮಹಾಯುದ್ಧದಲ್ಲಿ, ಕಾಳಗದಿಂದ ಮನಸ್ಸು ಕದಡಿಹೋದವರ ಕಾಯಿಲೆಗೆ 'ಶೆಲ್ ಶಾಕ್' ಅಂದರು. 1980ರಲ್ಲಿ ಮನಸ್ಸಿನ ಕಾಯಿಲೆಗಳನ್ನು ಪಟ್ಟಿ ಮಾಡುವ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಕಾಯಿಲೆ, ಸೇರಿತು. ಅದು ದೊಡ್ಡ ಉಪಕಾರ. ಹೇಡಿ ಅನ್ನಿಸಿಕೊಳ್ಳುತ್ತಿದ್ದವರಿಗೆ ಅದರಿಂದ ಚಿಕಿತ್ಸೆ ಸಿಕ್ಕಿತು. ನಿದ್ದೆಗೆಟ್ಟು, ಕುಡಿತಕ್ಕೆ ಬಿದ್ದು, ಸಾಯುವ ಯೋಚನೆ ಮಾಡುತ್ತಿರುವವರಿಗೆ ಈಗಲೂ ಬೇಕಾದ್ದು ವೈದ್ಯರೇ ಹೊರತು ನನ್ನಂಥವನ ಬ್ಲಾಗ್ ಅಲ್ಲ. ಆದರೆ 1994ರ ಕೈಪಿಡಿಯಲ್ಲಿ ಒಂದು ಷರತ್ತಿತ್ತು. ಘಟನೆ ನಡೆದಾಗ ಭಯವೋ, ಅಸಹಾಯಕತೆಯೋ, ದಿಗಿಲೋ ಆಗಿರಬೇಕು. ಆಗಿದ್ದರೆ ಮಾತ್ರ ಅದು ಪಿಟಿಎಸ್‌ಡಿ. ನನಗೆ ಆಗ ಭಯವೇ ಆಗಲಿಲ್ಲ, ಕಲಿಸಿದ್ದನ್ನು ಮಾಡಿದೆ ಅನ್ನುವ ಸೈನಿಕ ಅಲ್ಲಿ ಎಲ್ಲಿ ಕೂರುತ್ತಾನೆ? 2013ರಲ್ಲಿ ಆ ಷರತ್ತನ್ನು ತೆಗೆದರು. ಅಪರಾಧ ಭಾವ, ನಾಚಿಕೆ ಇಂಥವೂ ಲಕ್ಷಣಗಳ ಸಾಲಿಗೆ ಬಂದವು. ವಿಯೆಟ್ನಾಂ ಯುದ್ಧದಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಅದಕ್ಕೂ ಮೊದಲೇ ನೈತಿಕ ಗಾಯದ ಮಾತೆತ್ತಿದ್ದರು. ಹೆದರಿದ್ದರಿಂದ ಆದ ಗಾಯ ಬೇರೆ, ಸರಿ ಅಂತ ನಂಬಿದ್ದು ಕಣ್ಣೆದುರೇ ಮುರಿದುಬಿದ್ದಾಗ ಆಗುವ ಗಾಯ ಬೇರೆ. ಈ ಎರಡನೆಯದನ್ನು ಹೇಳಿದಾಗ ಅಣ್ಣ ಸುಮ್ಮನೆ ಕೂತಿದ್ದ. ನಗಲಿಲ್ಲ.

ವಾಪಸ್ ಬರುವ ದಾರಿಯೂ ಮುಖ್ಯ. ಎರಡನೇ ಮಹಾಯುದ್ಧ ಮುಗಿದಾಗ ಲಕ್ಷಗಟ್ಟಲೆ ಸೈನಿಕರು ಹಡಗಿನಲ್ಲಿ ಊರಿಗೆ ಮರಳಿದರು. ಸಮುದ್ರದ ಮೇಲೆ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ. ಜೊತೆಗೆ ತಮ್ಮಂಥವರೇ. ಮಾಡಲು ಕೆಲಸವಿಲ್ಲ. ಇಸ್ಪೀಟಾಡು, ವಾಂತಿ ಮಾಡು, ಮಾತಾಡು. ವಿಯೆಟ್ನಾಂನಲ್ಲಿ ಅಮೆರಿಕ ಬೇರೆ ಲೆಕ್ಕ ಇಟ್ಟಿತು. ಒಬ್ಬೊಬ್ಬನಿಗೂ ಅವನದೇ ದಿನಾಂಕ. ಭೂಸೈನ್ಯದವರಿಗೆ 12 ತಿಂಗಳು, ಮರೀನ್ ಅನ್ನುವ ಬೇರೆ ಪಡೆಯವರಿಗೆ 13. ದಿನ ತುಂಬಿದವನು ಒಬ್ಬನೇ ವಿಮಾನ ಹತ್ತಬೇಕು. ಕೆಲವೇ ದಿನಗಳ ಹಿಂದೆ ಕಾಡಿನಲ್ಲಿದ್ದವನು ಈಗ ಅಮ್ಮನ ಮನೆಯ ಸೋಫಾದ ಮೇಲೆ. ಅವನ ಹುಡುಗರು ಇನ್ನೂ ಕಾಡಿನಲ್ಲೇ. ಬದುಕಿ ಬಂದ ಖುಷಿಯ ಜೊತೆಗೇ ಬಿಟ್ಟು ಬಂದ ಪಾಪವೂ ಅಂಟಿಕೊಂಡಿತು.

ಈಗ ಹಾದಿ ಇನ್ನೂ ಚಿಕ್ಕದಾಗಿದೆ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಕ್ರೀಚ್ ಅನ್ನುವ ವಾಯುನೆಲೆ ಇದೆ. ಅಲ್ಲಿ ಪರದೆಯ ಮುಂದೆ ಕೂತು ಸಾವಿರಾರು ಮೈಲಿ ದೂರದ ಡ್ರೋನ್ ಹಾರಿಸುತ್ತಾರೆ. ಪಾಳಿ ಮುಗಿದ ಮೇಲೆ ಕಾರಿನಲ್ಲಿ ಲಾಸ್ ವೇಗಸ್ ಕಡೆಗೆ, ಮನೆಗೆ. ಬೆಳಿಗ್ಗೆ ಒಬ್ಬನನ್ನು ಕೊಂದು ಸಂಜೆ ಮಗಳ ಹೋಮ್‌ವರ್ಕ್. ಇವರಿಗೆ ಪಕ್ಕದಲ್ಲಿ ಕಾವಲು ನಿಂತವನ ಕೆಮ್ಮೂ ಇಲ್ಲ. ಯುದ್ಧ ಕೊಡುವ ಒಂದೇ ಒಂದು ಒಳ್ಳೆಯದನ್ನು ಕಿತ್ತುಕೊಂಡು ಬರೀ ಭಾರ ಉಳಿಸಿದ ಹಾಗೆ ಕಾಣುತ್ತದೆ ನನಗೆ.

ಅಣ್ಣನಿಗೆ ಕಾಳಗದ ನೆಲದಿಂದ ಮನೆಯ ಬಾಗಿಲಿಗೆ ನಾಲ್ಕು ದಿನ. "ಇನ್ನೊಂದು ತಿಂಗಳು ಎಲ್ಲಾದ್ರೂ ನಮ್ಮನ್ನೆಲ್ಲ ಒಟ್ಟಿಗೆ ಕೂರಿಸಿ ಕಸ ಗುಡಿಸಿಸಿದ್ರೂ ಸಾಕಿತ್ತು" ಅನ್ನುತ್ತಾನೆ.

ಕೆಲವರು ಸುಮ್ಮನೆ ವಾಪಸ್ ಹೋಗಿಬಿಡುತ್ತಾರೆ. ಬ್ರಿಟಿಷ್ ಅಧಿಕಾರಿ ಟಿ.ಇ. ಲಾರೆನ್ಸ್ ಮೊದಲನೇ ಮಹಾಯುದ್ಧದ ಕಾಲದ ಅರಬ್ ದಂಗೆಯ ನಂತರ ಲೋಕಪ್ರಸಿದ್ಧ, ಕರ್ನಲ್. 1922ರಲ್ಲಿ ಸುಳ್ಳು ಹೆಸರಿನಲ್ಲಿ ವಾಯುಪಡೆಗೆ ಎಲ್ಲಕ್ಕಿಂತ ಕೆಳಗಿನ ಕೆಲಸಕ್ಕೆ ಸೇರಿಕೊಂಡ. ಪತ್ರಿಕೆಯವರು ಪತ್ತೆ ಹಚ್ಚಿದರು, ಹೊರಹಾಕಿದರು. ಇನ್ನೊಂದು ಹೆಸರಿನಲ್ಲಿ ಟ್ಯಾಂಕ್ ದಳ ಸೇರಿದ, ಅಲ್ಲಿಂದ ಮತ್ತೆ ವಾಯುಪಡೆಗೆ. ಅವನಿಗೆ ಯುದ್ಧ ಬೇಕಿರಲಿಲ್ಲ ಅನ್ನಿಸುತ್ತದೆ, ಬ್ಯಾರಕ್ ಬೇಕಿತ್ತು. ಸಾಲು ಮಂಚ, ಹತ್ತು ಜನರ ಗೊರಕೆ. 1935ರಲ್ಲಿ ಸೇವೆ ಮುಗಿಯಿತು. ಮೂರು ತಿಂಗಳೊಳಗೆ ಮೋಟಾರ್‌ಸೈಕಲ್ ಅಪಘಾತದಲ್ಲಿ ಸತ್ತ.

ಇನ್ನು ಹಿರೂ ಒನೋಡಾ. ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದ ಕಾಡಿನಲ್ಲಿ, ಎರಡನೇ ಮಹಾಯುದ್ಧ ಮುಗಿದೇ ಇಲ್ಲ ಅಂತ 1974ರವರೆಗೆ ಅಡಗಿಕೊಂಡಿದ್ದ ಜಪಾನಿ ಅಧಿಕಾರಿ. ಅವನನ್ನು ದೊಡ್ಡ ವೀರ ಅನ್ನಲು ನನಗೆ ಮನಸ್ಸಿಲ್ಲ, ಆ ದ್ವೀಪದ ಎಷ್ಟೋ ಜನ ಅವನ ಗುಂಪಿನ ಕೈಯಲ್ಲಿ ಸತ್ತರು. ಹಳೆಯ ಮೇಲಧಿಕಾರಿ ಬಂದು ಆದೇಶ ಓದಿದ ಮೇಲೆ ಅವನು ಹೊರಗೆ ಬಂದ. ಆ ಮೇಲಧಿಕಾರಿ ಅಷ್ಟು ಹೊತ್ತಿಗೆ ಪುಸ್ತಕ ಮಾರುತ್ತಿದ್ದ. ಇಷ್ಟು ಎಲ್ಲರಿಗೂ ಗೊತ್ತು. ನನ್ನನ್ನು ತಡೆದು ನಿಲ್ಲಿಸುವುದು ಮುಂದಿನದು. ಜಪಾನಿನಲ್ಲಿ ಮೆರವಣಿಗೆ, ಕ್ಯಾಮೆರಾ, ಜೈಕಾರ. 29 ವರ್ಷ ಯಾವ ದೇಶಕ್ಕಾಗಿ ಕಾಡಿನಲ್ಲಿದ್ದನೋ ಆ ದೇಶದಲ್ಲಿ ಅವನಿಗೆ ಹೆಚ್ಚು ದಿನ ಇರಲಾಗಲಿಲ್ಲ. ಮರುವರ್ಷವೇ ಬ್ರೆಜಿಲ್‌ಗೆ ಹೋಗಿ ದನ ಸಾಕಿದ.

ಹೆಂಗಸರ ಕತೆ ಇನ್ನೊಂದು ಬಗೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದಲ್ಲಿ ಲಕ್ಷಗಟ್ಟಲೆ ಹೆಂಗಸರಿದ್ದರು. ಗುರಿಕಾರರು, ಪೈಲಟ್‌ಗಳು, ಗುಂಡಿನ ನಡುವೆ ಗಾಯಾಳುಗಳನ್ನು ಎಳೆದು ತಂದವರು. ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಅವರು ಇಂಥ ನೂರಾರು ಹೆಂಗಸರನ್ನು ಮಾತಾಡಿಸಿದ್ದಾರೆ. ಗಂಡಸರು ಪದಕ ಹಾಕಿಕೊಂಡು ತಿರುಗಿದರೆ ಎಷ್ಟೋ ಹೆಂಗಸರು ತಮ್ಮದನ್ನು ಬಚ್ಚಿಟ್ಟರು. ಗಂಡಸರ ನಡುವೆ ಇದ್ದು ಬಂದವಳು ಅಂತ ಊರವರು ಕೆಟ್ಟದಾಗಿ ನೋಡುತ್ತಿದ್ದರು. ಅವರಿಗೆ ಆ ಎರಡು ಕುರ್ಚಿಗಳನ್ನೂ ಯಾರೂ ಹಾಕಲಿಲ್ಲ.

ಗುಂಡು ಹಾರಿಸುವ ಸಂದರ್ಭವೇ ಬರದಿದ್ದವರೂ ಇದ್ದಾರೆ. ಅಣ್ಣನ ಸ್ನೇಹಿತರೊಬ್ಬರು ಅಡುಗೆಯವರಾಗಿದ್ದರು. ಇಬ್ಬರೂ ಸೇರಿದಾಗ ನಾನು ಪಕ್ಕದಲ್ಲೇ ಕೂತಿರುತ್ತೇನೆ. "ನಂದೇನೂ ಇಲ್ಲ ಸಾರ್, ನಿಮ್ಮಣ್ಣನ ಮುಂದೆ" ಅನ್ನುತ್ತಾರೆ ಅವರು. ಊಟಕ್ಕೆ ಬಾರದ ತಟ್ಟೆಗಳನ್ನು ಎಣಿಸಿದವರು ಅವರು. ಇಂದು ಎಷ್ಟು ಮಂದಿ ಕಡಿಮೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೆ. ಅವರಿಗೂ ನಿದ್ದೆ ಬರುವುದಿಲ್ಲ. ಆದರೆ ನಿದ್ದೆಗೆಡುವ ಹಕ್ಕೂ ತನಗಿಲ್ಲ ಅಂದುಕೊಂಡಿದ್ದಾರೆ.

"ನಿಮ್ಮ ಸೇವೆಗೆ ಧನ್ಯವಾದ" ಅಂತ ಜನ ಕೈ ಮುಗಿದಾಗ ಅಣ್ಣ ಏನು ಮಾಡುತ್ತಾನೆ ಅಂತ ಒಮ್ಮೆ ಗಮನಿಸಿದೆ. ತಾನೂ ಕೈ ಮುಗಿಯುತ್ತಾನೆ, ನಗುತ್ತಾನೆ, ಹೊರಡುತ್ತಾನೆ. ಬೇಸರವೇನಿಲ್ಲವಂತೆ. "ಒಳ್ಳೆ ಜನ. ಆದ್ರೆ ಅಲ್ಲಿಗೆ ಮಾತು ಮುಗೀತಲ್ಲ" ಅಂದ. ಮತ್ತೆ ಕರೆದರೆ ಹೋಗ್ತೀಯಾ ಅಂತ ಕೇಳಿದ್ದೆ. "ಬೆಳಿಗ್ಗೆ ಕೇಳಿದ್ರೆ ಇಲ್ಲ ಅಂತೀನಿ. ರಾತ್ರಿ ಕೇಳಬೇಡ." ಮಗ ಸೇರ್ತೀನಿ ಅಂದರೆ? ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಕಿಟಕಿ ಹಾಕಿದ, ಮತ್ತೆ ತೆಗೆದ.

ಮಳೆ ಬಂದ ದಿನದ ಬಗ್ಗೆ ಹೋದ ವರ್ಷ ಕೇಳಿದೆ. ಇಷ್ಟು ತಡವಾಗಿ. ಸ್ವಲ್ಪ ಹೇಳಿದ. ಎಲ್ಲ ಹೇಳಲಿಲ್ಲ. ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಈ ವಾರ ಅಣ್ಣ ನಮ್ಮ ಮನೆಯಲ್ಲಿದ್ದಾನೆ. ನಾನು ರಾತ್ರಿ ಬರೆಯುವವನು. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಬಂದು ನಿಂತ.

"ಎಷ್ಟು ಹೊತ್ತು ಎದ್ದಿರ್ತೀಯ?"

"ಎರಡು ಗಂಟೆ ಆಗಬಹುದು."

"ಲೈಟ್ ಆರಿಸೋವಾಗ ಎಬ್ಬಿಸು" ಅಂದು ಹೋದ.

ಈಗ ಎರಡೂ ಕಾಲು. ಪಕ್ಕದ ಕೋಣೆಯಿಂದ ಗೊರಕೆ ಕೇಳಿಸುತ್ತಿದೆ. ಬರೆಯುವುದು ಮುಗಿದಿದೆ, ಲೈಟ್ ಇನ್ನೂ ಆರಿಸಿಲ್ಲ.